ಅರ್ಧ ತಾಸಿನ ಬೆಂಚು

ಬಸವಕಲ್ಯಾಣದ ಬಜಾರಿನಲ್ಲಿ ನನ್ನದು ಬೆಲ್ಲದ ಅಂಗಡಿ. ಬೆಲ್ಲವಿದ್ದಲ್ಲಿ ಜೇನುಹುಳ ಬಂದೇ ಬರುತ್ತದೆ. ಎಷ್ಟೋ ವರ್ಷ ಅವು ಕಚ್ಚಿದವು, ನಾನು ಕೊಡವಿಕೊಂಡೆ. ಎಂಬತ್ತರ ದಶಕದ ಆರಂಭದ ಒಂದು ಬೇಸಿಗೆಯಲ್ಲಿ ಮಾತ್ರ ಒಂದೇ ಒಂದು ಹುಳ ಕುತ್ತಿಗೆಗೆ ಕಚ್ಚಿದ್ದೇ ತಡ, ಮೈತುಂಬ ದದ್ದು ಎದ್ದು, ಗಂಟಲು ಬಿಗಿದು, ಬೆಲ್ಲದ ಪೆಂಟೆಗಳ ನಡುವೆ ಬಿದ್ದೆ. ಆಸ್ಪತ್ರೆಯವರು ಹೇಗೋ ಉಳಿಸಿದರು. ಇನ್ನೊಮ್ಮೆ ಕಚ್ಚಿದರೆ ಜೀವದ ಭರವಸೆ ಇಲ್ಲ, ಅಂಗಡಿ ಬಿಡಿ, ಇಲ್ಲವೇ ಹುಮನಾಬಾದಿನಲ್ಲಿ ಇದಕ್ಕೆ ಔಷಧ ಕೊಡುವ ಡಾಕ್ಟರನ್ನು ಕಾಣಿ ಎಂದರು.

ಆ ಡಾಕ್ಟರು ಹೇಳಿದ್ದು ಕೇಳಿ ನನಗೆ ನಗು ಬಂತು. “ಜೇನುಹುಳದ ವಿಷಾನೇ ಇಷ್ಟಿಷ್ಟು ಚುಚ್ಚತೀನ್ರಿ. ಮೈ ಅದಕ್ಕ ರೂಢಿ ಆಗ್ತದ. ಮೂರ್ನಾಲ್ಕು ವರ್ಷ ಬರಬೇಕಾಗ್ತದ ನೋಡ್ರಿ.”

ಔಷಧದ ಸೀಸೆ ಮುಂಬಯಿಯಿಂದ ಐಸಿನ ಡಬ್ಬಿಯಲ್ಲಿ ಬರುತ್ತದಂತೆ. ಅದರಲ್ಲಿರುವುದು ನೀರಾದರೆ ನಾನು ಮೋಸ ಹೋದೆ, ವಿಷವೇ ಆದರೆ ಸತ್ತೆ. ಎರಡೂ ನನಗೆ ಸೇರಲಿಲ್ಲ. “ನಿಮಗ ಗುಡ್ಯಾಗಿನ ತೀರ್ಥದ ಮ್ಯಾಲೂ ಸಂಶೆ. ಸುಮ್ಮ ಹೋಗ್ರಿ,” ಎಂದು ಹೆಂಡತಿ ಪ್ರತಿ ವಾರ ಬಸ್ಸಿಗೆ ಅಟ್ಟುತ್ತಿದ್ದಳು.

ಸೂಜಿಗಿಂತ ಹೆಚ್ಚಾಗಿ ನನ್ನನ್ನು ಕೊರೆದದ್ದು ದವಾಖಾನೆಯ ಬೆಂಚು. ಚುಚ್ಚಿಸಿಕೊಂಡ ಮೇಲೆ ಅರ್ಧ ತಾಸು ಅದರ ಮೇಲೆ ಕೂಡಲೇಬೇಕು. ಅದೂ ರಸ್ತೆಗೆ ಮುಖ ಮಾಡಿ. ಯಾಕೆ ಎಂದು ಕೇಳಿದರೆ ಡಾಕ್ಟರು, “ಮೈ ಏನಂತದ ನೋಡಬೇಕ್ರಿ” ಎನ್ನುತ್ತಿದ್ದರು.

ನನಗೆ ಗೊತ್ತಿಲ್ಲವೇ? ಬೆಳಿಗ್ಗೆ ಗಿರಾಕಿ ಇಲ್ಲದಿದ್ದರೆ ನಮ್ಮ ಬಜಾರಿನವರು ಪರಿಚಯದವರನ್ನು ಕರೆದು, ಚಹಾ ಕುಡಿಸಿ, ಅಂಗಡಿಯ ಮುಂದೆ ಕೂಡಿಸಿಕೊಳ್ಳುತ್ತೇವೆ. ಮಂದಿ ಕಂಡಲ್ಲಿ ಮಂದಿ ಬರುತ್ತದೆ. ಈ ಡಾಕ್ಟರು ಚಹಾ ಕೂಡ ಕುಡಿಸದೆ ಅದೇ ಆಟ ಆಡುತ್ತಿದ್ದಾರೆ ಎಂದುಕೊಂಡೆ. ಕಳ್ಳನ ಮನಸ್ಸು ಹುಳ್ಳಹುಳ್ಳಗೆ.

ಏಳನೆಯ ವಾರ ಚುಚ್ಚಿಸಿಕೊಂಡು, ಅವರು ಒಳಗೆ ತಿರುಗಿದ ಕೂಡಲೇ ಎದ್ದು ನಡೆದೆ. ಬಸ್‌ಸ್ಟ್ಯಾಂಡಿನಲ್ಲಿ ಕಲ್ಯಾಣದ ಬಸ್ಸು ನಿಂತಿತ್ತು. ಮೆಟ್ಟಿಲಿಗೆ ಕಾಲಿಡುವಾಗ ಅಂಗೈ ತುರಿಸಿತು. ಆಮೇಲೆ ತುಟಿ. ಸೀಟು ಹಿಡಿಯುವಷ್ಟರಲ್ಲಿ ಗಂಟಲು ಬಿಗಿಯಿತು. ಕೂಗಬೇಕೆಂದರೆ ದನಿ ಇಲ್ಲ.

ಆಗ ಬಸ್ಸಿನೊಳಗೆ ನುಗ್ಗಿದವರು ಅದೇ ಡಾಕ್ಟರು. ಒಂದು ಕಾಲಲ್ಲಿ ಚಪ್ಪಲಿ ಇರಲಿಲ್ಲ. ಬೆಂಚು ಖಾಲಿ ಕಂಡು ಓಡಿ ಬಂದಿದ್ದರು. ಧೋತರದ ಮೇಲಿಂದಲೇ ತೊಡೆಗೆ ಬೇರೊಂದು ಇಂಜೆಕ್ಷನ್ ಚುಚ್ಚಿದರು. ನನ್ನ ಉಸಿರು ತಿರುಗಿದ ಮೇಲೆ, ತಾವು ಏದುಸಿರಿನಲ್ಲೇ ಕೇಳಿದರು: “ಸಾಯಾಕ ಇಷ್ಟು ಅವಸರ ಏನಿತ್ರಿ?”

ನಾನು ಏನೆಂದುಕೊಂಡಿದ್ದೆನೆಂದು ಹೇಳಲು ನಾಚಿಕೆಯಾಯಿತು. ಇವತ್ತಿನವರೆಗೂ ಅವರಿಗೆ ಹೇಳಿಲ್ಲ.

ಮುಂದೆ ಒಂದು ನಿಮಿಷವೂ ಮೊದಲು ಏಳಲಿಲ್ಲ. ನಾಲ್ಕನೆಯ ವರ್ಷ ಅಂಗಡಿಯಲ್ಲಿ ಬೆಲ್ಲಕ್ಕೆ ಮುಚ್ಚಿದ ಗೋಣಿತಟ್ಟು ಎತ್ತುವಾಗ ಹೆಬ್ಬೆರಳಿಗೆ ಹುಳ ಕಚ್ಚಿತು. ಗಡಿಯಾರ ನೋಡುತ್ತ ಕುಳಿತೆ. ಮೈಗೆ ವಿಷ ರೂಢಿಯಾಗಿರದಿದ್ದರೆ ಎಂಬ ಸಂಶಯದ ಹುಳ ತಲೆಯಲ್ಲಿ ಇನ್ನೂ ಇತ್ತು. ಅರ್ಧ ತಾಸು ಕಳೆಯಿತು. ಬೆರಳೊಂದು ಬಾತಿತ್ತು, ಅಷ್ಟೇ. ಹೆಂಡತಿಯ ಮುಂದೆ ಮಗುವಿನಂತೆ ಅತ್ತೆ.

ಮರುದಿನ ಒಂದು ಪೆಂಟೆ ಬೆಲ್ಲ ಹಿಡಿದು ಹುಮನಾಬಾದಿಗೆ ಹೋದೆ. ಡಾಕ್ಟರು ಒಳಗಿದ್ದರು, ನಾನು ಬೆಂಚಿನ ಮೇಲೆ ಕುಳಿತೆ. ಸ್ವಲ್ಪ ಹೊತ್ತಿಗೆ ಕೊಡಂಬಲದ ರೈತನೊಬ್ಬ ತೋಳು ಒತ್ತಿಕೊಂಡು ಹೊರಬಂದು ಪಕ್ಕದಲ್ಲಿ ಕುಳಿತ. ಅವನಿಗೂ ಅದೇ ಚುಚ್ಚುಮದ್ದು. ಅವನ ಕಣ್ಣು ರಸ್ತೆಯ ಮೇಲಿತ್ತು. ಹತ್ತು ನಿಮಿಷವಾದ ಮೇಲೆ ಟವೆಲು ಹೆಗಲಿಗೇರಿಸಿ ಎದ್ದ.

ನಾನು ಬೆಂಚನ್ನು ಬೀದಿ ಬಾಗಿಲಿಗೆ ಎಳೆದು ಅಡ್ಡ ಕುಳಿತೆ. “ಇನ್ನೂ ಇಪ್ಪತ್ತು ನಿಮಿಷ ಅದ. ಕೂಡ್ರಿ,” ಎಂದೆ.

ಅವನು ನನ್ನನ್ನೂ ಬೆಲ್ಲದ ಪೆಂಟೆಯನ್ನೂ ಅನುಮಾನದಿಂದ ನೋಡಿದ. “ನೀವು ಡಾಕ್ಟರು ಕೂಡಿಸಿದ ಮಂದಿ ಏನ್ರಿ?”

“ಹೌದ್ರಿ,” ಎಂದೆ. “ನಾಲ್ಕು ವರ್ಷ ಆತು.”