ಹಿಂದಕ್ಕೆ ಸರಿದ ಕೋಲು

ದೊಡ್ಡಹನುಮಯ್ಯ ಮೇಷ್ಟ್ರ ಶಾಲೆಯ ಓದನ್ನು ನೀವು ಕೇಳಬೇಕಿತ್ತು. ಸುಂಕದಕಟ್ಟೆಯ ಆ ಒಂದೇ ಕೋಣೆಯಲ್ಲಿ ಮಕ್ಕಳು ದನಿ ಎತ್ತಿದರೆ ಮಾಗಡಿ ರಸ್ತೆಯ ಗಾಡಿಯವರು ಎತ್ತು ನಿಲ್ಲಿಸಿ ತಲೆದೂಗುತ್ತಿದ್ದರು. ಕ್ರಮ ಇಷ್ಟೇ. ಮೇಷ್ಟ್ರು ಕರೀಹಲಗೆಯ ಮೇಲೆ ಪಾಠ ಬರೆದು ಒಂದೊಂದು ಪದದ ಮೇಲೂ ಬಿದಿರುಕೋಲು ಇಡುವುದು, ಚುರುಕಾದ ಒಂದು ಮಗು ಮೊದಲು ಹೇಳುವುದು, ಮಿಕ್ಕವರು ಒಕ್ಕೊರಲಿನಿಂದ ಹಿಂಬಾಲಿಸುವುದು. ಇಪ್ಪತ್ತಾರು ವರ್ಷ ಹೀಗೇ ನಡೆದಿತ್ತು. ಇನ್‌ಸ್ಪೆಕ್ಟರುಗಳು ಬಂದರು, ಕೇಳಿದರು, ಎಳನೀರು ಕುಡಿದರು, ‘ಬಹಳ ತೃಪ್ತಿಕರ’ ಎಂದು ಬರೆದು ಹೋದರು. ಮೇಷ್ಟ್ರಿಗೆ ಜಂಬವಿತ್ತು. ಇರಲಿ ಬಿಡಿ, ಪಾಪ, ಜಂಬಪಡಲು ಆತನಿಗೆ ಬೇರೆ ಏನಿತ್ತು?

ಐವತ್ತಾರನೇ ಇಸವಿಯಲ್ಲಿ ಸರ್ಕಾರದವರಿಗೆ ಹೊಸ ಯೋಚನೆ ಬಂತು. ಓದು ಬರಹ ಕಲಿಸುವ ರೀತಿಯನ್ನು ಮೇಷ್ಟ್ರುಗಳಿಗೇ ತಿದ್ದಿಕೊಡಲು ಊರೂರಿಗೆ ಒಬ್ಬರನ್ನು ಕಳಿಸಿದರು. ಸುಂಕದಕಟ್ಟೆಗೆ ಬಂದವರು ಅಲಮೇಲಮ್ಮ. ವಯಸ್ಸು ಮೂವತ್ತು ದಾಟಿರಲಿಲ್ಲ. ರಾಜಾಜಿನಗರದ ಹೊಸ ಮನೆಗಳ ಕಡೆಯಿಂದ ಬೆಳಗಿನ ಬಸ್ಸಿಗೆ ಬಂದು, ಮೂರು ದಿನ ಹಿಂದಿನ ಸಾಲಿನಲ್ಲಿ ಮಕ್ಕಳ ಜೊತೆ ಚಾಪೆಯ ಮೇಲೆ ಕೂತರು. ಮಕ್ಕಳ ಕಣ್ಣು ಎತ್ತ ಹೋಗುತ್ತದೆಂದು ನೋಡುತ್ತಿದ್ದರು. ‘ಏನು ತಪ್ಪು ಸಿಕ್ಕೀತು ಇವಳಿಗೆ’ ಎಂದುಕೊಂಡ ಮೇಷ್ಟ್ರು ನಾಲ್ಕನೇ ದಿನ ಇನ್ನಷ್ಟು ಗತ್ತಿನಿಂದ ಪಾಠ ಓದಿಸಿದರು.

“ಮೇಷ್ಟ್ರೇ, ಕೋಲು ಒಂದ್ಸಲ ಕೊಡ್ತೀರಾ?” ಎಂದರು ಅಲಮೇಲಮ್ಮ.

ಅವರು ಕೋಲನ್ನು ಪಾಠದ ಕಟ್ಟಕಡೆಯ ಪದದ ಮೇಲಿಟ್ಟು ಅಲ್ಲಿಂದ ಹಿಂದಕ್ಕೆ ಸರಿಸತೊಡಗಿದರು. ಮಕ್ಕಳು ಎಂದಿನಂತೆ ಮೊದಲಿನಿಂದ ಶುರುಮಾಡಿದರು. “ಬಸವ ಬಂದ, ಹಸು ತಂದ, ಹಾಲು ಕರೆದ.” ಕೋಲು ಕೆಳಗಿನಿಂದ ಮೇಲಕ್ಕೆ ಹತ್ತುತ್ತಿತ್ತು, ಪಾಠ ಮೇಲಿನಿಂದ ಕೆಳಕ್ಕೆ ಇಳಿಯುತ್ತಿತ್ತು. ನಡುವೆ ಒಂದು ಪದದ ಮೇಲೆ ಕೋಲು ನಿಂತೇ ಹೋಯಿತು, ಮಕ್ಕಳ ಬಾಯಿ ನಿಲ್ಲಲಿಲ್ಲ. ಒಂದೇ ಒಂದು ಮಗು ಹಲಗೆ ನೋಡಿ ಅನುಮಾನಪಟ್ಟಿದ್ದರೂ ಮೇಷ್ಟ್ರಿಗೆ ಉಸಿರು ಬರುತ್ತಿತ್ತೇನೋ. ಒಂದೂ ಇಲ್ಲ. ಅವರಿಗೆ ನಿಂತ ನೆಲ ಬಾಯಿಬಿಡಬಾರದೇ ಅನ್ನಿಸಿತು.

ಅಲಮೇಲಮ್ಮ ಮಕ್ಕಳನ್ನು ಆಟಕ್ಕೆ ಬಿಟ್ಟು ಮೆಲ್ಲಗೆ ಹೇಳಿದರು, “ಮೊದಲು ನಾನೂ ಹೀಗೇ ಕಲಿಸ್ತಿದ್ದೆ ಮೇಷ್ಟ್ರೇ. ಪದ ಬಿಡಿಬಿಡಿಯಾಗಿ ಬರೆದು, ಒಬ್ಬೊಬ್ಬರನ್ನೇ ಕೇಳೋಣ. ಈ ಮಕ್ಕಳನ್ನ ತಿದ್ಕೋಬಹುದು.”

“ಈ ಮಕ್ಕಳು ಸರಿ ತಾಯಿ. ಕಲಿತು ಹೋದೋರು?”

ಅದಕ್ಕೆ ಆಕೆ ಸುಳ್ಳು ಸಮಾಧಾನ ಹೇಳಲಿಲ್ಲ, ಪುಣ್ಯಾತ್ಗಿತ್ತಿ.

ಮೇಷ್ಟ್ರಿಗೆ ಊಟ ಸೇರಲಿಲ್ಲ. ಇಪ್ಪತ್ತಾರು ವರ್ಷದಲ್ಲಿ ತಾನು ಒಬ್ಬರಿಗಾದರೂ ಓದಲು ಕಲಿಸಿದ್ದೇನೆಯೇ? ಅಷ್ಟು ತಿಳಿದರೆ ಸಾಕಿತ್ತು. ಚಿಕ್ಕಲಕ್ಷ್ಮಮ್ಮನ ನೆನಪಾಯಿತು. ಹತ್ತು ವರ್ಷದ ಹಿಂದೆ ಎಲ್ಲರಿಗಿಂತ ಮೊದಲು ಪಾಠ ಹೇಳುತ್ತಿದ್ದವಳು ಅವಳೇ, ನಾಲ್ಕನೇ ತರಗತಿ ಪಾಸಾದವಳು. ಅದೇ ಊರಿಗೆ ಸೊಸೆಯಾಗಿದ್ದಳು. ಗಂಡ ಅಂಜಿನಯ್ಯ ಮಿಲಿಟರಿ ಸೇರಿ ದೂರದ ಜಬ್ಬಲ್‌ಪುರದಲ್ಲಿದ್ದ. ಇವಳಿಗಂತೂ ಓದು ಬಂದೇ ಬರುತ್ತದೆ ಎಂದುಕೊಂಡು ಮೇಷ್ಟ್ರು ಸಂಜೆ ಅವಳ ಮನೆಗೆ ನಡೆದರು.

ಅವಳು ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಧಡಕ್ಕನೆ ಎದ್ದು ಸೆರಗು ಹೊದ್ದಳು.

“ಗಂಡನ ಕಾಗದ ಬರುತ್ತೇನವ್ವಾ?” ಎಂದರು ಮೇಷ್ಟ್ರು.

“ಬರ್ತವೆ ಮೇಷ್ಟ್ರೇ.”

“ಏನು ಬರೀತಾನೆ?”

ಅವಳು ತಲೆ ತಗ್ಗಿಸಿದಳು. ಒಳಗೆ ಅತ್ತೆ ಇದ್ದಾಳೆಯೇ ಎಂದು ತಿರುಗಿ ನೋಡಿದಳು. ಆಮೇಲೆ ಸೊಂಟದ ಚೀಲದಿಂದ ನಾಲ್ಕು ಕಾಗದ ತೆಗೆದಳು. ನಾಲ್ಕೂ ಒಡೆದಿರಲಿಲ್ಲ.

“ಮೊದಲು ಪೋಸ್ಟಿನೋನ ಕೈಲಿ ಓದಿಸ್ತಿದ್ದೆ. ಒಂದ್ಸಲ ಇವರು ಏನೋ ನಂಗೇ ಅಂತ ಬರೆದಿದ್ರು. ಅದನ್ನೂ ಬೀದಿಯೋರೆಲ್ಲ ಕೇಳೋ ಹಂಗೆ ಓದಿ ನಕ್ಬಿಟ್ಟ. ಆವತ್ತಿಂದ ನಾನೇ ಓದ್ಕೊತೀನಿ ಅಂತ ಈಸ್ಕೊಂಡು ಮಡಗಿದೀನಿ. ಏನು ಬರೆದವ್ರೆ ಅಂತ ಅತ್ತೆ ಕೇಳಿದ್ರೆ, ಚೆನ್ನಾಗವ್ರಂತೆ ಅಂತೀನಿ.”

ಮೇಷ್ಟ್ರ ಮುಖ ನೋಡಿ ಅವಳಿಗೆ ಗಾಬರಿಯಾಯಿತು.

“ನೀವು ಬೇಜಾರು ಮಾಡ್ಕೊಬೇಡಿ. ನೀವು ಚೆನ್ನಾಗೇ ಹೇಳ್ಕೊಟ್ರಿ. ನನ್ನ ದಡ್ಡ ತಲೆಗೇ ಹತ್ತಲಿಲ್ಲ. ನಿಮ್ಮ ಹೆಸರು ಕೆಡುತ್ತೆ ಅಂತ ಇದುವರೆಗೂ ಯಾರಿಗೂ ಹೇಳಿಲ್ಲ ಮೇಷ್ಟ್ರೇ.”

ಬೈದಿದ್ದರೆ ಮೇಷ್ಟ್ರು ತಡೆದುಕೊಳ್ಳುತ್ತಿದ್ದರು. ಇದನ್ನು ತಡೆದುಕೊಳ್ಳಲಾಗಲಿಲ್ಲ. ಐವತ್ತು ದಾಟಿದ ಮನುಷ್ಯ ಜಗಲಿಯ ಅಂಚಿಗೆ ಕೂತು ಪಂಚೆಯ ಚುಂಗಿನಿಂದ ಕಣ್ಣೊರೆಸಿಕೊಂಡ.

“ದಡ್ಡಿ ನೀನಲ್ಲಮ್ಮ. ನಾನು ನಿಂಗೆ ಓದೋದನ್ನ ಕಲಿಸಲೇ ಇಲ್ಲ. ಬಾಯಿಪಾಠ ಮಾಡಿಸಿ ಕಳಿಸಿದೆ. ತಪ್ಪು ನಂದು.”

ಇಷ್ಟು ಹೇಳಿ, ಅಷ್ಟಾದರೂ ಮಾಡೋಣವೆಂದು ಕಾಗದಕ್ಕೆ ಕೈ ಚಾಚಿದರು. “ಕೊಡು, ನಾನು ಓದಿ ಹೇಳ್ತೀನಿ.”

ಚಿಕ್ಕಲಕ್ಷ್ಮಮ್ಮ ಕಾಗದಗಳನ್ನು ಎದೆಗೆ ಒತ್ತಿಕೊಂಡು ಒಂದು ಹೆಜ್ಜೆ ಹಿಂದೆ ಸರಿದಳು.

“ಬೇಡ ಮೇಷ್ಟ್ರೇ,” ಎಂದಳು. “ನೀವೂ ಹೊರಗಿನೋರೇ ಅಲ್ವಾ.”