ನನ್ನ ರ‍್ಯಾಂಪಿನ ಕೆಳಗೆ ಮೋರಿಯಿಲ್ಲ

ನಾಗರಾಜಪ್ಪ, ಕೆರೆಗೆ ಬರುವ ಕಾಲುವೆಯನ್ನು ಮುಚ್ಚಿದ್ದು ನಿಮ್ಮ ಭಾವನಲ್ಲ, ನಾನು. ನನ್ನ ಗೇಟಿನ ಮುಂದೆ ಕಾರು ಹತ್ತಿಸಲು ಹಾಕಿಸಿದ ರ‍್ಯಾಂಪ್ ಇದೆಯಲ್ಲ — ಭಾನುವಾರ ನೀವೆಲ್ಲ ಅದರ ಮೇಲೆ ಕೂತು ಕಾಫಿ ಕುಡಿಯುತ್ತೀರಲ್ಲ — ಅದರ ಕೆಳಗೆ ನೀರು ಹರಿಯುವ ಮೋರಿಯೇ ಇಲ್ಲ. ಇಟ್ಟಿಗೆ ಚೂರು, ಒಡೆದ ಟೈಲ್ಸು, ಕಲ್ಲಾಗಿ ಹೋದ ಸಿಮೆಂಟ್ ಮೂಟೆ, ಅದರ ಮೇಲೆ ಕಾಂಕ್ರೀಟು. ಇದೆಲ್ಲ ಗೊತ್ತಿದ್ದೂ ಇಷ್ಟು ವರ್ಷ ಬಾಯಿ ಮುಚ್ಚಿಕೊಂಡು ಕೂತಿದ್ದೆ.

ಇದನ್ನು ಬರೆಯಲು ಕೂತರೂ ಮೊದಲು ನೆನಪಾಗುವುದು ನಿಮ್ಮ ಮೇಲಿನ ಸಿಟ್ಟೇ — ಎಂಥ ಮನುಷ್ಯ ನಾನು ನೋಡಿ. ಭಾನುವಾರ ಬೆಳಗಾದರೆ ಸಾಕು, ನಿಮ್ಮ ವಿಷಲ್! ಅದು ಕೇಳಿಸಿದರೆ ಲೇಔಟಿನ ನಾಯಿಗಳೂ ಎದ್ದು ನಿಮ್ಮ ಹಿಂದೆ ಹೊರಡುತ್ತವೆ. ವಾರವೆಲ್ಲ ಚಿಂತಾಮಣಿ ಪೇಟೆಯ ಅಂಗಡಿಯಲ್ಲಿ ಸುಟ್ಟ ಮೋಟಾರುಗಳಿಗೆ ತಂತಿ ಸುತ್ತುವ ಮನುಷ್ಯನಿಗೆ ಒಂದು ದಿನವಾದರೂ ಮಲಗೋಣ ಅನ್ನಿಸಬಾರದೇ? ನಿಮ್ಮ ಜೊತೆಗೆ ಶಬಾನಾ ಟೀಚರ್, ದಡದ ಪ್ಲಾಸ್ಟಿಕ್ ಆಯಲು ಗೋಣಿಚೀಲ ಹಿಡಿದು. ಮಂಡಿನೋವು ಎಂದು ನರಳುತ್ತಲೇ ಏರಿಯ ಮೇಲಿನ ಮುಳ್ಳುಗಿಡ ಸವರುವ ಕೃಷ್ಣಾರೆಡ್ಡಿ. ಬೀದಿ ದೀಪ ಕೆಟ್ಟರೂ ನೀವೇ, ಪಾರ್ಕಿನ ನಲ್ಲಿ ಸೋರಿದರೂ ನೀವೇ. ಯಾರೂ ಮಾಡಿ ಎಂದು ಹೇಳಿರಲಿಲ್ಲ, ಮಾಡಿದ್ದಕ್ಕೆ ಒಂದು ಒಳ್ಳೆಯ ಮಾತನ್ನೂ ಆಡುತ್ತಿರಲಿಲ್ಲ. ನಾನೋ ಲೇಔಟಿನ ಸಂಘದ ಅಧ್ಯಕ್ಷ, ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತನಾದವನು. ಎಲ್ಲ ಮುಗಿದ ಮೇಲೆ ಹೋಗಿ ಫೋಟೊಗೆ ನಿಲ್ಲುವುದು ನನ್ನ ಪಾಲಿನ ಸೇವೆ.

ಮನೆ ಕಟ್ಟಿಸುವಾಗ ಮೇಸ್ತ್ರಿ ಹೇಳಿದ್ದ — ಇದು ಕೆರೆಗೆ ಹೋಗುವ ಕಾಲುವೆ ಸಾರ್, ದೊಡ್ಡ ಪೈಪು ಇಟ್ಟು ಮೇಲೆ ಕಾಂಕ್ರೀಟ್ ಹಾಕೋಣ ಎಂದು. ಆಗ ಕೆರೆಯಲ್ಲಿ ಹನಿ ನೀರಿರಲಿಲ್ಲ, ದನ ಮೇಯುತ್ತಿದ್ದವು. ಒಣಗಿದ ಕೆರೆಗೆ ಎಂಥ ಕಾಲುವೆಯಯ್ಯ ಎಂದು ಅವನ ಮೇಲೆ ರೇಗಿದೆ. ಗೃಹಪ್ರವೇಶ ಹತ್ತಿರ ಬಂದಿತ್ತು, ಕಟ್ಟಡದ ಕಸ ಸಾಗಿಸಲು ಟ್ರ್ಯಾಕ್ಟರ್ ಸಿಕ್ಕಿರಲಿಲ್ಲ. ಅದನ್ನೇ ಅಲ್ಲಿಗೆ ತುಂಬು ಎಂದೆ. ತುಂಬಿದ. ಅಷ್ಟೇ ಆದದ್ದು.

ಆಮೇಲೆ ಆ ಮಳೆಯ ವರ್ಷ ಬಂತು. ಸುತ್ತಲಿನ ಕೆರೆಗಳೆಲ್ಲ ಕೋಡಿ ಬಿದ್ದವು, ನಮ್ಮದರಲ್ಲಿ ಮಾತ್ರ ಮೊಣಕಾಲುದ್ದ ನೀರು. ಏಕೆಂದು ಇಡೀ ಲೇಔಟು ತಲೆ ಕೆಡಿಸಿಕೊಂಡಿತ್ತು. ನಾನು ಮಹಡಿಯ ಕಿಟಕಿಯಿಂದ ನೋಡುತ್ತಿದ್ದೆ — ಮಳೆ ಬಂದಾಗ ನೀರು ನನ್ನ ರ‍್ಯಾಂಪಿನ ಎರಡೂ ಪಕ್ಕ ಹಬ್ಬಿದ ಪೊದೆಯವರೆಗೆ ಬಂದು, ಮುಂದೆ ದಾರಿಯಿಲ್ಲದೆ, ರಸ್ತೆಯ ಚರಂಡಿಗೆ ತಿರುಗಿಕೊಳ್ಳುತ್ತಿತ್ತು. ಪೊದೆಯ ಮರೆಯಲ್ಲಿ ಕೆಳಗಿನವರಿಗೆ ಕಾಣುತ್ತಿರಲಿಲ್ಲ. ನೀವು ಕೆರೆಯ ಬಾಯಿಂದ ಕಾಲುವೆಯ ಹೂಳೆತ್ತುತ್ತ, ಭಾನುವಾರದಿಂದ ಭಾನುವಾರಕ್ಕೆ ನನ್ನ ಮನೆಗೆ ಹತ್ತಿರ ಬರುತ್ತಿದ್ದಿರಿ. ಕೊನೆಗೊಂದು ದಿನ ಕುಡುಗೋಲು ಹಿಡಿದು ಆ ಪೊದೆಯ ಮುಂದೆಯೇ ನಿಂತಿರಿ. ನಾನು ಮಹಡಿಯಿಂದ ಇಳಿದು ಓಡಿ ಬಂದೆ. ಅಲ್ಲಿ ನಾಗರಹಾವಿದೆ, ನಿನ್ನೆ ಕಣ್ಣಾರೆ ನೋಡಿದೆ ಎಂದುಬಿಟ್ಟೆ.

ನೀವು ಕುಡುಗೋಲು ಕೆಳಗಿಟ್ಟು ಕೈ ಮುಗಿದಿರಿ. ಮುಂದಿನ ವಾರ ನೋಡಿದರೆ ಅಲ್ಲಿ ಅರಿಶಿನ ಕುಂಕುಮ! ನಾಗರ ಪಂಚಮಿಗೆ ಹೆಂಗಸರೆಲ್ಲ ಹೋಗಿ ಹಾಲೆರೆದರು. ನನ್ನ ಹೆಂಡತಿಯೂ ಮಡಿಯುಟ್ಟು ಹೋಗಿ ಎರೆದು ಬಂದು, ನನಗೇ ಪ್ರಸಾದ ಕೊಟ್ಟಳು. ಅಯ್ಯೋ, ಇಷ್ಟು ಜನರಲ್ಲಿ ಒಬ್ಬರಾದರೂ ಎಲ್ಲಿದೆ ಹಾವು ತೋರಿಸಿ ಎಂದು ನನ್ನ ಕೊರಳಪಟ್ಟಿ ಹಿಡಿಯಬಾರದಿತ್ತೇ? ನಿಮ್ಮ ನಂಬಿಕೆ ನೋಡಿ ನನಗೆ ಮೈಯೆಲ್ಲ ಉರಿಯುತ್ತಿತ್ತು. ಸುಳ್ಳು ಹೇಳಿದವನು ನಾನು, ಉರಿದುಕೊಂಡದ್ದು ನಿಮ್ಮ ಮೇಲೆ.

ಆದರೂ ನೀವು ಒಮ್ಮೆ ಕೇಳಿದಿರಿ. ಸಂಕೋಚದಿಂದ, ಕಾಫಿ ಲೋಟ ಕೈಯಲ್ಲಿ ಹಿಡಿದು —

“ಸಾರ್, ತಪ್ಪು ತಿಳ್ಕೋಬೇಡಿ. ನಿಮ್ ಮೋರಿ ಸರಿಯಾಗೈತಾ?”

“ನಂದು ಸರಿಯಾಗಿದೆ. ಮೇಲ್ಗಡೆ ಊರಲ್ಲಿ ಯಾರೋ ಅಡ್ಡ ಹಾಕಿರ್ತಾರೆ, ಅಲ್ಲಿ ಹೋಗಿ ಕೇಳಿ.”

ಮೇಲಿನ ಊರಲ್ಲಿ ಕಾಲುವೆಯ ಪಕ್ಕದ ಮೊದಲ ಹೊಲ ನಿಮ್ಮ ಅಕ್ಕನ ಗಂಡನದು. ಅದು ನನಗೆ ಗೊತ್ತಿತ್ತು. ಗೊತ್ತಿದ್ದೇ —

ನೀವು ಹೋದಿರಿ. ಜೊತೆಯಲ್ಲಿ ಹೋಗಿದ್ದ ಶಬಾನಾ ಟೀಚರ್ ಆಮೇಲೆ ನನ್ನ ಹೆಂಡತಿಗೆ ಎಲ್ಲ ಹೇಳಿದರು. ನಿಮ್ಮ ಭಾವ ಟೊಮೇಟೊ ಹೊಲಕ್ಕೆ ಹೊಸದಾಗಿ ಬದು ಕಟ್ಟಿದ್ದರಂತೆ, ಅದನ್ನು ಕಂಡದ್ದೇ ನಿಮಗೆ ಸಾಕಾಯಿತಂತೆ. ಅವರು ಕಾಲುವೆ ಮುಟ್ಟಿಲ್ಲವೆಂದು ಆಣೆ ಇಟ್ಟರೂ ನೀವು ಕೇಳಲಿಲ್ಲವಂತೆ. ಬಾಗಿಲಲ್ಲಿ ಅಕ್ಕ ನಿಂತಿರುವಾಗಲೇ ಅಂದಿರಂತೆ — “ನೀರು ಕದ್ದು ತಿನ್ನೋ ಮನೆಗೆ ನಮ್ಮಕ್ಕನ್ನ ಕೊಟ್ವಲ್ಲ ಭಾವ.”

ಆ ವರ್ಷದ ಗೌರಿ ಹಬ್ಬಕ್ಕೆ ನೀವು ಎಂದಿನಂತೆ ಮೊರದ ಬಾಗಿನ ಸ್ಕೂಟರಿನ ಮುಂದಿಟ್ಟುಕೊಂಡು ಅಕ್ಕನ ಊರಿಗೆ ಹೊರಟಿರಿ. ನಾನು ಗೇಟಿನಲ್ಲೇ ನಿಂತಿದ್ದೆ. ಸ್ವಲ್ಪ ಹೊತ್ತಿಗೇ ವಾಪಸ್ ಬಂದಿರಿ, ಬಾಗಿನ ಕಟ್ಟಿದ ಹಾಗೇ ಇತ್ತು. ಏನಾಯಿತೆಂದು ಕೇಳುವ ಧೈರ್ಯ ನನಗೆಲ್ಲಿಂದ ಬರಬೇಕು? ನೀವೇ ಹೇಳಿದಿರಿ. ಅಕ್ಕ ಹೊಸಲು ದಾಟಿ ಬರಲಿಲ್ಲ, “ಕಳ್ಳರ ಮನೆಗೆ ತವರಿನ ಬಾಗಿನ ಯಾಕಪ್ಪ” ಎಂದರು ಎಂದು. ಸ್ಕೂಟರ್ ನಿಲ್ಲಿಸಿ, ಹಬ್ಬದ ಬಿಳಿ ಪಂಚೆಯಲ್ಲೇ ದಡಕ್ಕಿಳಿದು ಕಸ ಆಯಲು ಶುರು ಮಾಡಿದಿರಿ. ಅಂದಿನಿಂದ ನಿಮ್ಮ ಅಕ್ಕನಿಗೆ ತವರಿನ ಬಾಗಿನವಿಲ್ಲ.

ಆಗಲಾದರೂ ಹೇಳಬಹುದಿತ್ತು. ಹೇಳಲಿಲ್ಲ. ಬದಲಿಗೆ ಏನು ಮಾಡಿದೆ ಗೊತ್ತಲ್ಲ — ರಾಜ್ಯೋತ್ಸವದ ದಿನ ನಿಮ್ಮ ಮೂವರಿಗೂ ಸನ್ಮಾನ ಇಟ್ಟುಕೊಂಡೆ! ಶಾಲು, ಪೇಟ, ಹಣ್ಣಿನ ಬುಟ್ಟಿ. ಕೆರೆಗಾಗಿ ದುಡಿಯುವ ಕೈಗಳು ಎಂದೆಲ್ಲ ಮೈಕಿನಲ್ಲಿ ಬೊಗಳೆ ಬಿಟ್ಟೆ. ಹೊಗಳಿದ್ದು ಸುಳ್ಳಲ್ಲ, ಅಷ್ಟೂ ನಿಜ. ಆದರೆ ಆ ಮಾತು ಆಡಬೇಕಾದ ಬಾಯಿ ನನ್ನದಲ್ಲ. ಸಾರ್ ಕೈಯಿಂದ ಶಾಲು ಹೊದಿಸಿಕೊಂಡದ್ದು ಪುಣ್ಯ ಎಂದು ನೀವು ನನ್ನ ಕಾಲಿಗೆ ಬಗ್ಗಿದಿರಲ್ಲ, ಆಗ ಕೈಯಲ್ಲಿದ್ದ ಮೈಕನ್ನು ಎಸೆದು ಓಡಿಹೋಗಬೇಕು ಅನ್ನಿಸಿತ್ತು. ಓಡಲಿಲ್ಲ, ಫೋಟೊಗೆ ನಿಂತೆ.

ಹೋದ ಭಾನುವಾರ ನೀವು ರ‍್ಯಾಂಪಿನ ಮೇಲೆ ಕೂತು ಮೆಲ್ಲಗೆ ಅಂದಿರಿ — “ನಮ್ ಭಾವ ಹಂಗ್ ಮಾಡೋರಲ್ಲ ಸಾರ್. ಆದ್ರೆ ನೀರು ಮತ್ತೆ ಎಲ್ಲೋಗ್ತೈತೆ?” ನೀವು ಕೂತ ಕಾಂಕ್ರೀಟಿನ ಕೆಳಗೇ ಉತ್ತರವಿತ್ತು. ನಾನು ಇನ್ನೊಂದು ಕಾಫಿ ತರುತ್ತೇನೆಂದು ಒಳಗೆ ಹೋದೆ. ಅಡುಗೆಮನೆಯಲ್ಲಿ ನಿಂತಾಗ ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಈ ಭಾನುವಾರ ಬರುವಾಗ ಕುಡುಗೋಲು ಬೇಡ, ಹಾರೆ ತನ್ನಿ. ಆ ಪೊದೆಯಲ್ಲಿ ಹಾವಿಲ್ಲ, ಯಾವತ್ತೂ ಇರಲಿಲ್ಲ. ರ‍್ಯಾಂಪಿನ ಮೇಲೆ ಮೊದಲ ಏಟು ನಾನೇ ಹಾಕುತ್ತೇನೆ, ಲೇಔಟಿನವರೆಲ್ಲ ನೋಡಲಿ. ಅದಕ್ಕೂ ಮೊದಲು, ನಾಳೆ ಬೆಳಿಗ್ಗೆ, ನಾನೊಬ್ಬನೇ ನಿಮ್ಮ ಅಕ್ಕನ ಊರಿಗೆ ಹೋಗುತ್ತೇನೆ. ಕಾಲುವೆ ಮುಚ್ಚಿದವನು ನಾನು ಎಂದು ನಿಮ್ಮ ಭಾವನ ಮುಂದೆ ನಿಂತು ಹೇಳುತ್ತೇನೆ. ಬಾಗಿಲು ಹಾಕಿಕೊಂಡರೆ ಹೊರಗೇ ನಿಂತು, ಬೀದಿಗೆಲ್ಲ ಕೇಳುವ ಹಾಗೆ ಹೇಳುತ್ತೇನೆ. ನನ್ನನ್ನು ಕ್ಷಮಿಸಿ ಎಂದು ಅಲ್ಲಿ ಕೇಳುವುದಿಲ್ಲ, ಇಲ್ಲೂ ಕೇಳುತ್ತಿಲ್ಲ. ಗೌರಿ ಹಬ್ಬ ಹತ್ತಿರ ಬಂತು ನಾಗರಾಜಪ್ಪ, ನೀವು ಮೊರ ತೆಗೆದಿಡಿ.