ಕೆಳಗಿಟ್ಟ ಕಾಫಿ ಬಟ್ಟಲು

ಗುಸೂನಳಿಗೆ ಚಿಕ್ಕಂದಿನಿಂದಲೂ ಒಂದು ಚಟ: ಜಗಳ ಕಂಡರೆ ನಿಂತು ನೋಡುವುದು. ಕರಕ್ ಊರಿನ ಸಂತೆಯಲ್ಲಿ ಇಬ್ಬರು ಟೊಮೆಟೊ ಬುಟ್ಟಿಗಾಗಿ ಕಚ್ಚಾಡುತ್ತಿದ್ದರೆ, ತಾಯಿ ರಟ್ಟೆ ಹಿಡಿದು ಎಳೆದರೂ ಕದಲುತ್ತಿರಲಿಲ್ಲ. ಯಾರು ಗೆದ್ದರೆಂಬುದು ಅವಳಿಗೆ ಬೇಡ. ಶುರುವಾದದ್ದು ಎಲ್ಲಿಂದ ಎಂದು ತಿಳಿಯದಿದ್ದರೆ ಮಾತ್ರ ಅನ್ನ ಇಳಿಯುತ್ತಿರಲಿಲ್ಲ. ಮುಂದೆ ಅದೇ ಚಟ ಹೊಟ್ಟೆಪಾಡಾಯಿತು. ರಾಜಧಾನಿ ಅಮ್ಮಾನಿನ ಕಂಪನಿಗಳಿಗೆ ಹೋಗಿ, ಕೆಲಸದ ಜಾಗದ ಮನಸ್ತಾಪಗಳನ್ನು ನಿಭಾಯಿಸುವುದು ಹೇಗೆಂದು ಕಾರ್ಯಾಗಾರ ನಡೆಸತೊಡಗಿದಳು. ಬಂದವರೆಲ್ಲ ಡಾಕ್ಟರಮ್ಮ ಎನ್ನುತ್ತಿದ್ದರು. ಅವಳು ಯಾವ ಡಾಕ್ಟರೂ ಅಲ್ಲ. ತಿದ್ದಿ ತಿದ್ದಿ ಸಾಕಾಗಿ ಬಿಟ್ಟುಬಿಟ್ಟಿದ್ದಳು.

ಸಹಾಬ್ ಊರಿನ ಬಿಸ್ಕತ್ತು ಕಾರ್ಖಾನೆಗೆ ಅವಳನ್ನು ಕರೆಸಿದವನು ಯಜಮಾನ ಅಬೂ ತಾಹೆರ್. ಅಲ್ಲಿ ಗೋದಾಮು ನೋಡಿಕೊಳ್ಳುವ ನವ್ವಾಫ್, ಲಾರಿ ಕಳಿಸುವ ಸಾಯಿಲ್ ಇಬ್ಬರೂ ಚಳಿಗಾಲದಿಂದ ಮಾತು ಬಿಟ್ಟಿದ್ದರು. ಒಂದೇ ತಟ್ಟೆಯಲ್ಲಿ ಉಂಡವರು. ಈಗ ಸರಕು ಒಂದು ಕಡೆ, ಲಾರಿ ಇನ್ನೊಂದು ಕಡೆ.

"ನಿನ್ನ ಪಾಠ ಮಾಡಮ್ಮ. ಆಮೇಲೆ ಇಬ್ಬರಲ್ಲಿ ಯಾರನ್ನ ಮನೆಗೆ ಕಳಿಸ್ಲಿ ಅಂತ ಒಂದು ಹೆಸರು ಹೇಳು, ಸಾಕು," ಎಂದ ಯಜಮಾನ.

ಒಬ್ಬನ ಅನ್ನ ಕಸಿಯುವ ಕೆಲಸ ಗುಸೂನ್ ಎಂದೂ ಮಾಡಿದವಳಲ್ಲ.

ಪಾಠವೇನೋ ಸೊಗಸಾಗಿ ನಡೆಯಿತು. ಎದುರಿನವನನ್ನು ದೂರದೆ ತನಗೇನಾಯಿತೆಂದಷ್ಟೇ ಹೇಳಬೇಕು ಎಂದಳು.

"ಸರಕು ತಡವಾದ್ರೆ ನಂಗೆ ಬೇಸರ ಆಗ್ತದೆ," ಎಂದ ಸಾಯಿಲ್, ಗೋಡೆ ನೋಡುತ್ತ.

"ಲಾರಿ ಬೇಗ ಬಂದ್ರೆ ನಂಗೂ ಬೇಸರ ಆಗ್ತದೆ," ಎಂದ ನವ್ವಾಫ್, ಚಾವಣಿ ನೋಡುತ್ತ.

ಸುತ್ತ ಕೂತವರು ಕಿಸಕ್ಕೆಂದರು. ಕೈ ಕುಲುಕಿ ಎಂದಳು, ಕುಲುಕಿದರು. ಎಲ್ಲ ಬರೀ ಗಿಣಿಪಾಠ.

ಆಮೇಲೆ ಕಹಿ ಕಾಫಿ ಬಂತು. ನವ್ವಾಫನ ಫೋನು ಹೊಡೆದುಕೊಂಡಿತು. ಬಟ್ಟಲನ್ನು ಮೇಜಿನ ಮೇಲಿಡಲು ಹೋದವನು, ಎದುರಿಗೆ ಸಾಯಿಲ್ ಇದ್ದದ್ದು ಕಂಡು ಕೆಂಡ ಮುಟ್ಟಿದಂತೆ ಕೈ ಹಿಂದೆಗೆದು, ಸುಡುವ ಕಾಫಿಯನ್ನೇ ಗಟಗಟ ಕುಡಿದ. ಗುಸೂನಳ ಕಿವಿ ನಿಮಿರಿತು. ಮೆಲ್ಲಗೆ ಅವನನ್ನು ಹೊರಗೆ ಕರೆದಳು.

"ನವ್ವಾಫ್, ಬಟ್ಟಲು ಕೆಳಗಿಟ್ಟಿದ್ರೆ ಏನಾಗ್ತಿತ್ತು?"

"ಒಂದ್ಸಲ ಇಟ್ಟು ಅನುಭವಿಸಿದ್ದೀನಿ, ಡಾಕ್ಟರಮ್ಮ." ಫೋನು ಜೇಬಿಗಿಟ್ಟು ಹೇಳಿದ: "ಯಾವುದೋ ಲೋಡಿನ ವಿಷಯಕ್ಕೆ ಅವನಿಗೆ ಬಾಯಿಗೆ ಬಂದಂಗೆ ಬೈದಿದ್ದೆ. ಅದೇ ವಾರ ಅವನಪ್ಪ ತೀರಿಹೋದ್ರು. ಸಾವಿನ ಮನೆಗೆ ಹೋಗಿ, ಕೊಟ್ಟ ಕಾಫಿ ಕುಡೀದೆ ಕೆಳಗಿಟ್ಟು ಕೂತೆ. ಬೇಡೋಕೆ ಬಂದವನು ಬಟ್ಟಲು ಮುಟ್ಟದೆ ಇಡೋದು ನಮ್ಮ ಪದ್ಧತಿ ಅಲ್ವಾ; ಮನೆಯವನು 'ಕುಡಿ, ನೀನು ಕೇಳಿದ್ದು ಕೊಟ್ಟೆ' ಅಂತಾನೆ, ಆಗ ಕ್ಷಮೆ ಕೇಳೋಣ ಅಂತಿದ್ದೆ. ಹಿರಿಯರೆಲ್ಲ ನೋಡ್ತಿದ್ರು. ಕಾಫಿ ಆರಿಹೋಯ್ತು. ಅವನು ಬಾಯೇ ಬಿಡ್ಲಿಲ್ಲ. ಎದ್ದು ಬಂದೆ."

ಗುಸೂನ್ ನೇರ ಸಾಯಿಲನ ಬಳಿ ಹೋಗಿ ಅದೇ ದಿನದ ಮಾತೆತ್ತಿದಳು. ಅವನು ಕೆಂಡಾಮಂಡಲವಾದ.

"ನಮ್ಮಪ್ಪನ ಸಾವಿನ ಕಾಫಿ ಅದು! ಒಂದು ಗುಟುಕೂ ಮುಟ್ಟದೆ ನೆಲದ ಮೇಲಿಟ್ಟು ಹೋದ. ಹಗೆಯವನೂ ಹಾಗೆ ಮಾಡಲ್ಲ."

"ಏನೋ ಬೇಡೋಕೆ ಇಟ್ಟಿದ್ನೇನೋ?"

"ಸಾವಿನ ಮನೇಲಿ ಯಾರಮ್ಮ ಬೇಡೋಕೆ..." ಎಂದವನು ಅಲ್ಲಿಗೇ ನಿಂತ. ಮುಖದ ಬಣ್ಣ ಇಳಿಯಿತು.

ಎದ್ದು ಹೋಗಿ, ಕಾಫಿ ಹೂಜಿಯನ್ನು ತಾನೇ ಎತ್ತಿ ನವ್ವಾಫನಿಗೆ ಬಗ್ಗಿಸಿಕೊಟ್ಟ. ನವ್ವಾಫ್ ಅವನ ಮುಖ ನೋಡಿದ. ಕುಡಿಯದೆ ಬಟ್ಟಲನ್ನು ಮೇಜಿನ ಮೇಲಿಟ್ಟ.

"ಕುಡಿಯೋ ಕತ್ತೆ! ಕೊಟ್ಟೆ. ಏನು ಅಂತಾನೂ ಕೇಳಲ್ಲ," ಎಂದ ಸಾಯಿಲ್. ಇಬ್ಬರೂ ಎಲ್ಲರೆದುರೇ ಅತ್ತುಬಿಟ್ಟರು. ಗುಸೂನಳ ಕಣ್ಣೂ ತುಂಬಿತು.

ಆದರೆ ಮಹಡಿಯ ಕೋಣೆಯಲ್ಲಿ ಕೂತಿದ್ದ ಯಜಮಾನನ ಹಟ ಇಳಿದಿರಲಿಲ್ಲ.

"ಇವರ ಜಗಳದಲ್ಲಿ ಕೆಟ್ಟುಹೋದ ಸರಕು ನನ್ನದು. ಒಬ್ಬನಾದ್ರೂ ಹೋಗ್ಲೇಬೇಕು. ಹೆಸರು ಹೇಳು," ಎಂದು ಕಾಫಿ ಕೊಟ್ಟ.

ಗುಸೂನ್ ಬಟ್ಟಲನ್ನು ತೆಗೆದುಕೊಂಡು, ತುಟಿಗೆ ಸೋಕಿಸದೆ ಅವನ ಮೇಜಿನ ಮೇಲಿಟ್ಟಳು.

ಅಬೂ ತಾಹೆರನ ಹುಬ್ಬು ಮೇಲೇರಿತು. "ಹೆಂಗಸರು ಹೀಗೆ ಬಟ್ಟಲಿಡೋದು ನಾನು ಕಂಡಿಲ್ಲ."

"ಈಗ ಕಂಡ್ರಲ್ಲ."

ಅವನು ಗಡ್ಡ ತುರಿಸಿಕೊಂಡು ಕಿಟಕಿಯತ್ತ ತಿರುಗಿದ. ಕೆಳಗೆ ಲಾರಿಯ ಪಕ್ಕ ನವ್ವಾಫ್, ಸಾಯಿಲ್ ಇಬ್ಬರೂ ಕೈ ಬೀಸಿ ಅರಚುತ್ತಿದ್ದರು.

"ನೋಡು, ಆಗ್ಲೇ ಶುರು!"

"ಒಬ್ಬರಿಗೊಬ್ಬರು ನೇರವಾಗಿ ಬೈಕೋತಿದ್ದಾರೆ ಅಬೂ ತಾಹೆರ್. ಎಷ್ಟು ತಿಂಗಳಾಗಿತ್ತು!"

ಅವನು ಬಹಳ ಹೊತ್ತು ಕಿಟಕಿ ಬಿಟ್ಟು ಬರಲಿಲ್ಲ. ಕೆಳಗೆ ಲಾರಿ ತುಂಬಿ ಹೊರಟಿತು.

"ಕುಡಿಯಮ್ಮ," ಎಂದ ಕೊನೆಗೆ, ತಿರುಗದೆಯೇ.

ಕಾಫಿ ತಣ್ಣಗೆ ಕೊರೆಯುತ್ತಿತ್ತು. ಗುಸೂನ್ ಕೊನೆಯ ಗುಟುಕಿನವರೆಗೂ ಕುಡಿದಳು.